ನೇಗಿಲಿನ ಪರೀಕ್ಷೆ

ರೈಲಿನಲ್ಲಿ ನನ್ನ ಪಕ್ಕ ಕೂತವರು ಯಾರಾದರೂ ಸ್ವಲ್ಪ ಆಚೆ ಸರಿದರೆ ಸಾಕು, ನಾನು ಈಗಲೂ ಸೆರಗಿನ ತುದಿಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಳ್ಳುತ್ತೇನೆ. ಇದೇನಮ್ಮ ನಿನ್ನ ಚಾಳಿ ಎಂದು ಮಗಳು ಗದರುತ್ತಾಳೆ. ಮೊಮ್ಮಕ್ಕಳು ನನ್ನ ಹಾಗೆಯೇ ಮೂಸಿ ತೋರಿಸಿ ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು.

ಹೋದ ಮುಂಗಾರಿನಲ್ಲಿ ಹುಬ್ಬಳ್ಳಿ ಕಡೆಗೆ ಹೋಗುವಾಗ ರೈಲು ಶಿವನಿಯಲ್ಲಿ ನಿಂತಿತು. ನನ್ನ ಹುಟ್ಟೂರು. ಇಳಿಯುವ ಕೆಲಸವೇನೂ ಇರಲಿಲ್ಲ. ಹಳಿಯ ಆಚೆ ಯಾರೋ ಆಗಷ್ಟೇ ಹೊಲ ಉತ್ತು ಮುಗಿಸಿದ್ದರು. ಹಿಂದಿನ ದಿನ ನೆಂದಿದ್ದ ಮಣ್ಣು ಮಗುಚಿಕೊಂಡು ಬಿಸಿಲಿಗೆ ಮೈಯೊಡ್ಡಿ ಬಿದ್ದಿತ್ತು. ಅದರ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ಎದುರಿಗೆ ಕೂತಿದ್ದವರು ಕಣ್ಣು ಮುಚ್ಚಿಕೊಂಡು ಆಹಾ ಅಂದರು. ನಾನು ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ರೈಲು ಹೊರಟು ಶಿವನಿಯ ಬಯಲೆಲ್ಲ ಹಿಂದೆ ಬಿದ್ದ ಮೇಲೂ ಕೈ ಹೊರಗೆ ತೆಗೆಯಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದ ವರ್ಷದ ನಾಚಿಕೆ ಅದು. ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕೆಲಸ ಮುಗಿಯುತ್ತಾ ಬಂದಿತ್ತು. ದೇಶವೆಲ್ಲ ಬೆಳೆ ಬೆಳೆಯುವುದನ್ನು ಹೊಸದಾಗಿ ಕಲಿಯಬೇಕು ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಅಜ್ಜಂಪುರದ ಹೈಸ್ಕೂಲಿನಲ್ಲಿ ಕೃಷಿಯನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಬಹುದಿತ್ತು. ಪುಸ್ತಕ ಅರ್ಧ, ಹೊಲ ಅರ್ಧ. ರೈಲು ಹಳಿಯ ಹತ್ತಿರ ಶಾಲೆಯದೇ ಒಂದು ಜಮೀನಿತ್ತು. ಒಬ್ಬೊಬ್ಬರಿಗೆ ಒಂದೊಂದು ಮಡಿ ಕೊಟ್ಟು, ಬಿತ್ತುವುದರಿಂದ ಹಿಡಿದು ಕೊಯ್ಯುವವರೆಗೆ ನಿಮ್ಮದೇ ಜವಾಬ್ದಾರಿ ಎಂದು ಬಿಟ್ಟುಬಿಡುತ್ತಿದ್ದರು.

ಅಜ್ಜಂಪುರ ಪೇಟೆಯ ಹುಡುಗರು ನಮ್ಮನ್ನು ಕರೆಯುತ್ತಿದ್ದದ್ದು ಸಗಣಿ ಸೆಕ್ಷನ್ ಎಂದು. ವಿಜ್ಞಾನ ಸಿಗದವರು, ಲೆಕ್ಕ ಬಾರದವರು ಬಂದು ಬೀಳುವ ಜಾಗ ಎಂದು ಅವರ ಅಂದಾಜು. ನಾನು ಹಾಗೆ ಬಂದು ಬಿದ್ದವಳಲ್ಲ. ಕೈ ಎತ್ತಿ ಸೇರಿದವಳು. ಸೆಕ್ಷನ್ನಿಗೆ ಇನ್ನೂ ಒಬ್ಬರು ಬೇಕು, ಇಲ್ಲದಿದ್ದರೆ ಮುಚ್ಚುತ್ತಾರೆ ಎಂದು ಕೃಷಿ ಹೇಳಿಕೊಡುವ ಕೇಶವಯ್ಯ ಮೇಷ್ಟ್ರು ತರಗತಿಗೆ ಬಂದು ಕೇಳಿದಾಗ ಹುಡುಗರು ನೆಲ ನೋಡುತ್ತಿದ್ದರು. ನಾನು ಎದ್ದು ನಿಂತೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಹೆಸರು ಬರೆದುಕೊಂಡು ಹೋದರು.

ಅಷ್ಟು ಧೈರ್ಯ ಎಲ್ಲಿಂದ ಬಂತು ಅಂದರೆ, ನನಗೆ ಒಂದು ಜಂಬವಿತ್ತು. ನಮ್ಮ ಕಡೆ ಜೋಳ ಬಿತ್ತುವಾಗ ಗಂಡಸರು ಎತ್ತು ಹೊಡೆದುಕೊಂಡು ಕೂರಿಗೆ ನಡೆಸುತ್ತಾರೆ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಾ ಹಿಂದೆ ನಡೆಯುವವರು ಹೆಂಗಸರು. ಆ ಕೆಲಸಕ್ಕೆ ನನ್ನ ಕೈ ಒಳ್ಳೆಯದು ಎಂದು ಊರಿನಲ್ಲಿ ಹೆಸರಾಗಿತ್ತು. ಚಿಕ್ಕಂದಿನಿಂದಲೂ ಯಾರ ಹೊಲದಲ್ಲಿ ಕೂರಿಗೆ ಹೂಡಿದರೂ, ಗಿರಿಜೀನ ಕಳ್ಸಿ ಎಂದು ಮನೆಗೆ ಬಂದು ಕರೆಯುತ್ತಿದ್ದರು. ಬಿತ್ತುವ ಕಾಲದಲ್ಲಿ ನನಗೆ ಮನೆಯ ಊಟ ಅಪರೂಪ. ದಿನಕ್ಕೊಂದು ಹೊಲ, ದಿನಕ್ಕೊಂದು ಮನೆಯ ಬುತ್ತಿ. ಅಂಥವಳಿಗೆ ಬೇಸಾಯದ ಪಾಠಕ್ಕೆ ಹೆದರಿಕೆ ಯಾಕೆ?

ಪಾಠಕ್ಕಂತೂ ಹೆದರಿಕೆ ಆಗಲಿಲ್ಲ. ದಾರಿಗೆ ಆಯಿತು. ಗೊಬ್ಬರದ ಗುಂಡಿ ತುಂಬಿಸಲು ಗಾಡಿ ನಿಲ್ಲುವ ಜಾಗದಿಂದ ಸಗಣಿ ಬಾಚಿಕೊಂಡು, ಬುಟ್ಟಿಯಲ್ಲಿ ಹೊತ್ತು, ಪೇಟೆಯ ನಡುವೆ ಹಾದು ಜಮೀನಿಗೆ ತರಬೇಕಿತ್ತು. ಮನೆಯಲ್ಲಿ ದಿನವೂ ಮಾಡುವ ಕೆಲಸವೇ. ಆದರೆ ಮನೆಯಲ್ಲಿ ಮಾಡುವುದಕ್ಕೂ, ಇಸ್ತ್ರಿ ಮಾಡಿದ ದಾವಣಿ ಉಟ್ಟು, ಜಡೆಗೆ ಟೇಪು ಕಟ್ಟಿಕೊಂಡು, ಬಟ್ಟೆ ಅಂಗಡಿಯವರ ಮಗಳು ಜಗಲಿಯ ಮೇಲೆ ನಿಂತು ನೋಡುತ್ತಿರುವಾಗ ಮಾಡುವುದಕ್ಕೂ ವ್ಯತ್ಯಾಸವಿದೆ. ಸಂಜೆ ಶಿವನಿಗೆ ರೈಲು ಹತ್ತಿದರೆ ಬೆಂಚಿನ ಮೇಲಿದ್ದ ಹೆಂಗಸರು ಮೂಗಿಗೆ ಸೆರಗು ಹಿಡಿದು ಸರಿಯುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತೇ ಹೋಗುತ್ತಿದ್ದೆ. ಗಾಳಿಗೆ ವಾಸನೆ ಹೋಗಲಿ ಎಂದು.

ಆದರೂ ಮಡಿಯಲ್ಲಿ ನನ್ನ ಬದನೆಗಿಡ ಎಲ್ಲರದಕ್ಕಿಂತ ಚೆನ್ನಾಗಿ ಬಂದಿತ್ತು. ಮೇಷ್ಟ್ರು ಖಾಕಿ ಚಡ್ಡಿ ಹಾಕಿಕೊಂಡು ಮಡಿಯಿಂದ ಮಡಿಗೆ ದಾಟುತ್ತಾ, ನನ್ನದರ ಮುಂದೆ ಮಾತ್ರ ಏನೂ ಹೇಳದೆ ಮುಂದೆ ಹೋಗುತ್ತಿದ್ದರು. ಬೈಯದೆ ಹೋದರೆ ಅದೇ ಮೆಚ್ಚುಗೆ ಎಂದು ನಮಗೆಲ್ಲ ಗೊತ್ತಿತ್ತು. ಮುಂದೆ ಗ್ರಾಮಸೇವಿಕೆ ಆಗಬಹುದು ಕಣಮ್ಮ ನೀನು, ಕಡೂರಿನಲ್ಲಿ ಅಂಥವರನ್ನು ನೋಡಿದ್ದೇನೆ, ಸೈಕಲ್ಲಿನಲ್ಲಿ ಓಡಾಡುತ್ತಾರೆ ಎಂದು ಒಮ್ಮೆ ಹೇಳಿದ್ದರು. ಆ ಸೈಕಲ್ಲು ನನ್ನ ತಲೆಯೊಳಗೆ ಹೊಕ್ಕು ಕೂತಿತ್ತು.

ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆಯ ವಿವರ ಬಂತು. ಪ್ರಾಯೋಗಿಕ ಪರೀಕ್ಷೆಗೆ ತರೀಕೆರೆಯಿಂದ ಒಬ್ಬರು ಬರುತ್ತಾರೆ. ಬೀಜ ಗುರುತಿಸಬೇಕು, ಸಸಿ ನೆಡಬೇಕು. ಪ್ರತಿಯೊಬ್ಬರೂ ಎತ್ತು ಹೂಡಿ, ನೇಗಿಲು ಹಿಡಿದು, ಸಾಲು ಹೊಡೆದು ತೋರಿಸಬೇಕು.

ಇದನ್ನು ಓದಿ ಹೇಳುವಾಗ ಮೇಷ್ಟ್ರ ದನಿ ಕೊನೆಗೆ ಇಳಿಯಿತು. ಹುಡುಗರೆಲ್ಲ ತಿರುಗಿ ನನ್ನನ್ನು ನೋಡಿದರು. ನಮ್ಮ ಕಡೆ ಹೆಣ್ಣು ಕಳೆ ಕೀಳಬಹುದು, ಗೊಬ್ಬರ ಹೊರಬಹುದು, ಬೀಜ ಬಿಡಬಹುದು. ನೇಗಿಲು ಮಾತ್ರ ಹಿಡಿಯುವಂತಿಲ್ಲ. ಹೆಣ್ಣು ನೇಗಿಲು ಹಿಡಿದರೆ ಮಳೆ ಮುನಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಅಂಗಳದಲ್ಲಿ ಒರಗಿಸಿದ ನೇಗಿಲನ್ನು ನಾನು ಚಿಕ್ಕಂದಿನಲ್ಲಿ ದಾಟಿದೆ ಎಂದು ಅಜ್ಜಿ ತಲೆಯ ಮೇಲೆ ನೀರು ಸುರಿದಿದ್ದಳು.

ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದೆ. "ಸಾರ್, ನನಗೆ ಅದೊಂದು ಬಿಟ್ಟು ಬೇರೆ ಏನಾದ್ರೂ ಕೊಡ್ಸಿ ಸಾರ್."

"ತರೀಕೆರೆಗೆ ಹೋಗಿ ಕೇಳಿಬಂದೆ ಗಿರಿಜಾ" ಎಂದರು ಮೇಷ್ಟ್ರು. "ಒಬ್ಬಳಿಗೋಸ್ಕರ ಬೇರೆ ನಿಯಮ ಮಾಡೋಕಾಗಲ್ಲ ಅಂದ್ರು. ನೀನು ಸೇರಿದ್ದರಿಂದ ಸೆಕ್ಷನ್ ಉಳೀತು. ಈಗ ನಿನ್ನನ್ನೇ ಸಿಕ್ಕಿಸಿಬಿಟ್ಟೆ ನೋಡು." ಅವರ ಮುಖ ಸಣ್ಣದಾಗಿತ್ತು.

ಮನೆಯಲ್ಲಿ ಹೇಳಿದಾಗ ಅಜ್ಜಿಗೆ ಒಳಗೊಳಗೇ ಸಂತೋಷವಾಯಿತು. ದೇವನೂರಿನ ಸೋದರಮಾವನ ಮಗನಿಗೆ ನನ್ನನ್ನು ಕೊಡುವುದೆಂದು ಅವಳು ಎಂದೋ ತೀರ್ಮಾನ ಮಾಡಿದ್ದಳು. ಪಾಸಾದರೆ ಮುಂದೆ ನೋಡೋಣ, ಫೇಲಾದರೆ ಈ ವರ್ಷವೇ ಮದುವೆ ಎಂದು ಅಪ್ಪ ಒಪ್ಪಂದ ಮಾಡಿಕೊಂಡಿದ್ದ. "ಬಿಟ್ಟಾಕೇ ಅತ್ಲಾಗೆ" ಎಂದಳು ಅಜ್ಜಿ. "ನೇಗ್ಲು ಹಿಡಿದು ಊರಿಗೆ ಕೇಡು ತರೋಕಿಂತ, ದೇವನೂರಲ್ಲಿ ರೊಟ್ಟಿ ತಟ್ಕೊಂಡಿರು."

ಮಾರನೆಯ ಭಾನುವಾರ ಮಧ್ಯಾಹ್ನ, ಎಲ್ಲರೂ ಉಂಡು ಮರದಡಿ ಒರಗಿರುವ ಹೊತ್ತಿನಲ್ಲಿ, "ಗಿರಿಜಿ, ಎತ್ತಿಗೆ ನೀರು ಕುಡಿಸ್ಬೇಕು ಬಾ" ಎಂದು ಅಪ್ಪ ಕರೆದ. ಊರಿಂದ ದೂರದ ಹಳ್ಳದ ಹೊಲಕ್ಕೆ ಹೋದೆವು. ಅಲ್ಲಿ ನೇಗಿಲು ಆಗಲೇ ಬಂದು ಬದುವಿನ ಮರೆಯಲ್ಲಿ ಮಲಗಿತ್ತು.

"ಹಿಡಿ" ಎಂದ.

ನಾನು ಹಿಡಿಯಲಿಲ್ಲ. ಅಜ್ಜಿ ಸುರಿದ ನೀರು ಇನ್ನೂ ತಲೆಯ ಮೇಲಿದ್ದ ಹಾಗಿತ್ತು. ಅಪ್ಪ ನನ್ನ ಕೈ ಹಿಡಿದು ನೇಗಿಲ ಹಿಡಿಯ ತುದಿಯ ಮೇಲಿಟ್ಟ. ತಾನು ಅದರ ಕೆಳಗೆ, ಗೇಣುದ್ದ ಕೆಳಗೆ, ಹಿಡಿದುಕೊಂಡ. ಅಷ್ಟು ಕೆಳಗೆ ಹಿಡಿಯಬೇಕಾದರೆ ಅವನು ಸೊಂಟ ಬಗ್ಗಿಸಬೇಕಾಗಿತ್ತು. ಎತ್ತುಗಳು ಹೊರಟವು. ಬಾಗಿದ ಅವನ ಬೆನ್ನು ನನ್ನ ಪಕ್ಕದಲ್ಲೇ ಸಾಗುತ್ತಿತ್ತು. "ಒತ್ತಬೇಡ ಕಣವ್ವ, ಅದು ಅದರ ಪಾಡಿಗೆ ಇಳೀತದೆ. ನೀನು ಓಲಾಡದಂಗೆ ನೋಡ್ಕೊ ಅಷ್ಟೇ. ಕಾಲು ನೋಡ್ಬೇಡ, ಎತ್ತಿನ ಮುಂದ್ಕೆ ನೋಡು" ಎನ್ನುತ್ತಿದ್ದ.

ಹೀಗೆ ಪರೀಕ್ಷೆಯವರೆಗೆ ಪ್ರತಿ ಭಾನುವಾರವೂ ನಡೆಯಿತು. ಸಾಲು ನೇರವಾಗತೊಡಗಿತು. ನನಗೆ ಅದರಲ್ಲಿ ಖುಷಿಯೂ ಆಗತೊಡಗಿತ್ತು, ಅದನ್ನು ಯಾಕೆ ಮುಚ್ಚಿಡಲಿ. ಮಣ್ಣು ಎರಡು ಪಕ್ಕಕ್ಕೆ ಸೀಳಿಕೊಂಡು ಹೋಗುವಾಗ ಕೈಗೆ ಬರುವ ನಡುಕ ಬೀಜ ಬಿಡುವುದರಲ್ಲಿ ಇರಲಿಲ್ಲ. ಆದರೆ ಬದುವಿನ ಮೇಲೆ ಯಾರದಾದರೂ ತಲೆ ಕಂಡರೆ ಸಾಕು, ಅಪ್ಪ ನೇಗಿಲನ್ನು ನನ್ನ ಕೈಯಿಂದ ಕಿತ್ತುಕೊಂಡು, ದೊಡ್ಡ ದನಿಯಲ್ಲಿ ಎತ್ತು ಗದರಿಸುತ್ತಿದ್ದ. ನಾನು ತಕ್ಷಣ ಕುಕ್ಕರುಗಾಲಲ್ಲಿ ಕೂತು ಇಲ್ಲದ ಕಳೆ ಕೀಳುತ್ತಿದ್ದೆ. ತಲೆ ಮರೆಯಾದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮತ್ತೆ ಶುರು ಮಾಡುತ್ತಿದ್ದೆವು. ಕಳ್ಳತನ ಮಾಡಿದರೂ ಅಷ್ಟು ನಾಚಿಕೆಯಾಗುತ್ತಿತ್ತೋ ಇಲ್ಲವೋ.

ಪರೀಕ್ಷೆಯ ದಿನ ಸಂತೆ. ಬೇಕೆಂದೇ ಯಾರೂ ಇಟ್ಟದ್ದಲ್ಲ, ಹಾಗೆ ಬಂತು. ಹೆಣ್ಣು ನೇಗಿಲು ಹಿಡೀತದಂತೆ ಎಂಬ ಸುದ್ದಿ ಸಂತೆಗೆ ಹೇಗೆ ಮುಟ್ಟಿತೋ, ಜಮೀನಿನ ಬೇಲಿಯುದ್ದಕ್ಕೂ ಜನ. ಕುರಿ ಮಾರಲು ಬಂದವರು ಕುರಿಯ ಸಮೇತ ನಿಂತಿದ್ದರು. ಅಪ್ಪ ಬೆಳಗ್ಗೆ ನನ್ನ ಜೊತೆಯಲ್ಲೇ ರೈಲಿನಲ್ಲಿ ಬಂದಿದ್ದ. ಹಗ್ಗ ತರಬೇಕು ಎಂದು ಮನೆಯಲ್ಲಿ ಹೇಳಿದ್ದ. ಬೇಲಿಯ ಮೂಲೆಯಲ್ಲಿ ಅವನ ಕೆಂಪು ರುಮಾಲು ಕಂಡಾಗ ನನಗೆ ಜೀವ ಬಂತು.

ತರೀಕೆರೆಯಿಂದ ಬಂದವರು ಛತ್ರಿ ಹಿಡಿದು ನೆರಳಿನಲ್ಲಿ ನಿಂತಿದ್ದರು. ಹುಡುಗರೆಲ್ಲ ಮುಗಿಸಿದರು. ನಮ್ಮೂರಿನವನೇ ಆದ ಸಿದ್ದೇಶನ ಸಾಲು ಹಾವು ಹರಿದ ಹಾಗಾಯಿತು, ಜನ ನಕ್ಕರು. ನನ್ನ ಹೆಸರು ಕರೆದಾಗ ಯಾರೂ ನಗಲಿಲ್ಲ. ಅದಕ್ಕೇ ನನಗೆ ಭಯವಾದದ್ದು.

ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೇಗಿಲು ಹಿಡಿದೆ. ಅಪ್ಪ ಹೇಳಿದಂತೆ ಎತ್ತಿನ ಮುಂದಕ್ಕೆ ನೋಡಿದೆ. ಮುಂದಕ್ಕೆ ಅವನದೇ ರುಮಾಲಿತ್ತು. ಅದನ್ನೇ ಗುರಿ ಇಟ್ಟುಕೊಂಡು ಹೊಡೆದೆ. ಸಾಲು ಎಷ್ಟು ನೇರ ಬರುತ್ತಿದೆ ಎಂದು ನೋಡದೆಯೇ ನನಗೆ ಗೊತ್ತಾಗುತ್ತಿತ್ತು. ಬೇಲಿಯ ಹತ್ತಿರ ಬಂದು ಎತ್ತು ತಿರುಗಿಸುವಾಗ ಅಪ್ಪನಿಗೂ ನನಗೂ ನಡುವೆ ಕತ್ತಾಳೆಯ ಒಂದು ಪೊದೆ ಅಷ್ಟೇ.

ಅಪ್ಪನ ಪಕ್ಕದಲ್ಲಿದ್ದವನೊಬ್ಬ ಎಲೆಯಡಿಕೆ ಉಗಿದು ಕೇಳಿದ. "ಯಾರ್ ಮಗ್ಳಂತೆ ಕಣಣ್ಣ ಅದು? ಹೆತ್ತೋರ್ಗೆ ಮಾನ ಮರ್ವಾದೆ ಬ್ಯಾಡ್ವಾ?"

ಅಪ್ಪ ರುಮಾಲು ಸರಿಮಾಡಿಕೊಂಡ. "ಯಾರ್ದೋ ಏನೋ" ಎಂದ. "ನಾನು ಸಂತೆಗ್ ಬಂದೋನು."

ನೇಗಿಲು ನನ್ನ ಕೈಯಲ್ಲಿ ಎಗರಿ ಮಣ್ಣಿನಿಂದ ಹೊರಕ್ಕೆ ಬಂತು. ಎತ್ತುಗಳು ಬರಿನೆಲದ ಮೇಲೆ ಎಳೆದುಕೊಂಡು ಸ್ವಲ್ಪ ದೂರ ಹೋದವು. ಈಗ ಜನ ನಕ್ಕರು. ಮೇಷ್ಟ್ರು ಓಡಿಬರಲು ಹೊರಟವರು ಅರ್ಧಕ್ಕೆ ನಿಂತರು, ಮುಟ್ಟಿದರೆ ಅಂಕ ಹೋಗುತ್ತದೆ. ನಾನು ಎತ್ತುಗಳನ್ನು ಹಿಂದಕ್ಕೆ ತಂದು, ನೇಗಿಲೆತ್ತಿ, ಬಿಟ್ಟ ಜಾಗದಲ್ಲೇ ಊರಿ ಮತ್ತೆ ಹೊಡೆದೆ. ವಾಪಸು ಬರುವ ಸಾಲನ್ನು ಹೇಗೆ ಮುಗಿಸಿದೆ ಎಂಬುದು ನೆನಪಿಲ್ಲ. ತಿರುಗಿ ನೋಡಿದಾಗ ಬೇಲಿಯ ಮೂಲೆಯಲ್ಲಿ ರುಮಾಲು ಇರಲಿಲ್ಲ.

ಸಂಜೆ ಅದೇ ರೈಲು. ಅಪ್ಪ ಬೋಗಿಯ ಆ ತುದಿಯಲ್ಲಿ ಕೂತ, ನಾನು ಎಂದಿನಂತೆ ಬಾಗಿಲಲ್ಲಿ ನಿಂತೆ. ಶಿವನಿ ಹತ್ತಿರ ಬಂದಾಗ ಎದ್ದು ಬಂದು ಮಂಡಕ್ಕಿಯ ಪೊಟ್ಟಣ ಕೊಟ್ಟ. ಖಾರ ಹಾಕಿಸಿದ್ದ, ನನಗೆ ಇಷ್ಟವಾದ ಹಾಗೆ. ಹಗ್ಗ ತಂದಿರಲಿಲ್ಲ. ಮನೆಗೆ ಹೋಗಿ ಪೊಟ್ಟಣವನ್ನು ತಮ್ಮನ ಕೈಗೆ ಕೊಟ್ಟುಬಿಟ್ಟೆ.

ಸಿದ್ದೇಶ ಊರಿಗೆಲ್ಲ ಹೇಳಿದ. ತನ್ನ ಸೊಟ್ಟ ಸಾಲಿನ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ. ಬೇಸಿಗೆಯಲ್ಲಿ ಜನ ಅದನ್ನು ತಮಾಷೆ ಮಾಡಿದರು. ನೀರು ಸೇದಲು ಹೋದರೆ, "ಏನೇ ಗಿರಿಜಿ, ಮೀಸೆ ಯಾವಾಗ ಬಿಡ್ತೀಯ?" ಎನ್ನುವರು. ಅದಕ್ಕೆ ನಾನೂ ಏನಾದರೊಂದು ತಿರುಗಿಸಿ ಹೇಳುತ್ತಿದ್ದೆ. ಆದರೆ ಆ ವರ್ಷ ಭರಣಿ ಮಳೆ ಹನಿಯಲಿಲ್ಲ. ರೋಹಿಣಿಯೂ ಮೋಡ ತೋರಿಸಿ ಹೋಯಿತು. ಆಮೇಲೆ ತಮಾಷೆ ನಿಂತಿತು. ಬಾವಿಯ ಕಟ್ಟೆಯ ಮೇಲೆ ಹೆಂಗಸರು ಒಮ್ಮೆ ಆಕಾಶ ನೋಡಿ ಇನ್ನೊಮ್ಮೆ ನನ್ನನ್ನು ನೋಡುತ್ತಿದ್ದರು. ನಾನು ಬಿಂದಿಗೆ ಅರ್ಧ ತುಂಬಿದಾಗಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ. ನಾನೂ ಆಕಾಶ ನೋಡುತ್ತಿದ್ದೆ. ನಂಬುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ. ನಾಚಿಕೆ ಬಂದ ಮೇಲೆ ನಂಬಿಕೆಯೂ ಹಿಂದಿನಿಂದಲೇ ಬರುತ್ತದೆ.

ಫಲಿತಾಂಶ ಬಂತು. ನಾನು ಪಾಸಾಗಿದ್ದೆ. ಪ್ರಾಯೋಗಿಕದಲ್ಲಿ ಸೆಕ್ಷನ್ನಿಗೇ ನಿನ್ನದು ಹೆಚ್ಚು ಎಂದು ಕೇಶವಯ್ಯ ಮೇಷ್ಟ್ರು ಶಿವನಿಯವರೆಗೆ ಬಂದು, ನಮ್ಮ ಜಗಲಿಯ ಮೇಲೆ ಕೂತು ಹೇಳಿ, ಮಜ್ಜಿಗೆ ಕುಡಿದು ಹೋದರು. "ಎಗರಿದ ನೇಗಿಲನ್ನು ಬಿಟ್ಟ ಜಾಗದಲ್ಲೇ ಊರಿದೆ ನೋಡು, ಅದಕ್ಕೆ ಕೊಟ್ಟರಂತೆ" ಎಂದರು. ಅಪ್ಪ ಆಗ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. "ಅದ್ಯಾಕೆ ಎಗರ್ತು ಸ್ವಾಮಿ?" ಎಂದು ಕೇಳಿದ. ಮೇಷ್ಟ್ರು ಕಲ್ಲು ಸಿಕ್ಕಿರಬೇಕು ಎಂದರು. ಅಪ್ಪ ನನ್ನ ಕಡೆ ನೋಡಿದ. ನಾನು ಮಜ್ಜಿಗೆಯ ಲೋಟ ತೆಗೆದುಕೊಂಡು ಒಳಗೆ ಹೋದೆ. ಬೇಲಿಯ ಹತ್ತಿರ ಅವನಾಡಿದ ಮಾತನ್ನು ನಾನು ಕೇಳಿಸಿಕೊಂಡಿದ್ದೆ ಎಂಬುದು ಅವನಿಗೆ ತಿಳಿದದ್ದು ಆಗಲೇ ಇರಬೇಕು.

ಮೃಗಶಿರಕ್ಕೆ ಮಳೆ ಬಂತು. ತಡವಾಗಿ ಬಂದರೂ ಬೇಕಾದಷ್ಟು ಬಂತು. ಊರು ಒಂದೇ ದಿನಕ್ಕೆ ಹೊಲಕ್ಕಿಳಿಯಿತು. ಹಿಂದಿನ ವರ್ಷದವರೆಗೆ ಅಂಥ ಬೆಳಗಿನಲ್ಲಿ ನಮ್ಮ ಅಂಗಳದಲ್ಲಿ ಯಾರಾದರೂ ಬಂದು ನಿಂತಿರುತ್ತಿದ್ದರು, ಗಿರಿಜೀನ ಕಳ್ಸಿ ಎಂದು. ನಾನು ತಲೆ ಬಾಚಿಕೊಂಡು ಕಾದೆ. ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮಳೆ ಬಂದಿತ್ತು, ಮುನಿಸು ತೀರಿತ್ತು, ಆದರೆ ನನ್ನ ಕೈ ಯಾರಿಗೂ ಬೇಡವಾಗಿತ್ತು. ಹಿತ್ತಲಿಗೆ ಹೋಗಿ ಅತ್ತೆ. ಅಂಗೈ ನೋಡಿಕೊಂಡು ಅತ್ತೆ.

ನಮ್ಮ ಹೊಲ ಬಿತ್ತುವ ದಿನ ಮುಯ್ಯಿಗೆ ಜನ ಬಂದರು. ಅಪ್ಪ ಅವರ ಹೊಲಗಳಿಗೆಲ್ಲ ಹೋಗಿ ದುಡಿದಿದ್ದ, ಅವರು ಬರಲೇಬೇಕಿತ್ತು. ಸಿದ್ದೇಶನ ಅಪ್ಪ ಓಂಕಾರಪ್ಪ ಎತ್ತು ಕೂರಿಗೆ ತಂದಿದ್ದ. ಅವನ ಹೆಂಡತಿ ಬೀಜದ ಮಡಿಲು ಕಟ್ಟಿಕೊಂಡು ಆಗಲೇ ಕೂರಿಗೆಯ ಹಿಂದೆ ನಿಂತಿದ್ದಳು, ನನ್ನ ಜಾಗದಲ್ಲಿ. ನಾನು ಬುತ್ತಿ ಇಟ್ಟು ಬದುವಿನ ಮೇಲೆ ಕೂತೆ.

ಹೊಲದ ಒಂದು ಮೂಲೆ ಇನ್ನೂ ಉಳುಮೆಯಾಗದೆ ಉಳಿದಿತ್ತು. ಅಪ್ಪ ಅದನ್ನು ಬೇಕೆಂದೇ ಉಳಿಸಿಕೊಂಡಿದ್ದ ಎಂದು ನನಗೆ ಆಮೇಲೆ ಹೊಳೆಯಿತು. ಅಲ್ಲಿ ನೇಗಿಲು ಹೂಡಿ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದ.

"ಓಂಕಾರಪ್ಪಣ್ಣ, ತಡ್ಕೊ ಸ್ವಲ್ಪ. ಅವತ್ತು ಅಜ್ಜಂಪುರದಾಗೆ ನೇಗ್ಲು ಹಿಡಿದಿದ್ದು ನನ್ ಮಗ್ಳು ಕಣಪ್ಪ. ನನ್ ಮಗ್ಳೇಯ. ನಾನೇ ಕಲ್ಸಿದ್ದು. ಸಾಲು ಹೆಂಗ್ ಹೊಡೀತಾಳೆ ನೋಡೀರಂತೆ." ಆಮೇಲೆ ನನ್ನ ಕಡೆ ತಿರುಗಿದ. ಅವನ ದನಿ ಸಣ್ಣದಾಯಿತು. "ಬಾರವ್ವ. ಮೊದ್ಲನೇ ಸಾಲು ನೀನ್ ಹೊಡಿ."

ಅಪ್ಪ ನೇಗಿಲು ಹಿಡಿದಿದ್ದ, ಇನ್ನೊಂದು ಕೈ ನನ್ನತ್ತ ಚಾಚಿದ್ದ. ಊರಿನವರ ಎದುರಿಗೆ ಅಷ್ಟು ಮಾತಾಡಲು ಅವನಿಗೆ ಎಷ್ಟು ದಿನ ಬೇಕಾಯಿತೋ. ನಾನು ಎದ್ದು ನಿಂತೆ. ಓಂಕಾರಪ್ಪನ ಹೆಂಡತಿ ಬೀಜದ ಮಡಿಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡದ್ದು ಕಂಡಿತು. ಬಾವಿಯ ಕಟ್ಟೆಯ ಮುಖಗಳೆಲ್ಲ ಅಲ್ಲಿದ್ದವು. ಕೈಗಳು ತಾವಾಗಿಯೇ ಸೆರಗಿನೊಳಗೆ ಸೇರಿಕೊಂಡವು.

"ನಂಗ್ ಬರಲ್ಲಪ್ಪ" ಎಂದೆ.

ಯಾರೋ ನಕ್ಕರು. ಓಂಕಾರಪ್ಪ, "ನೋಡ್ದಾ, ಬರಾಕಿಲ್ವಂತೆ ಕಣೋ" ಎಂದು ತನ್ನ ಎತ್ತು ಹೊಡೆದ. ಅಪ್ಪನ ಚಾಚಿದ ಕೈ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅವನು ಅದರಿಂದ ಮುಖ ಒರೆಸಿಕೊಂಡ.

ಆಮೇಲೆ ನಾನು ಗ್ರಾಮಸೇವಿಕೆಯಾದೆ. ಕಡೂರು, ತರೀಕೆರೆಯ ಹಳ್ಳಿಗಳಲ್ಲಿ ಸೈಕಲ್ಲಿನಲ್ಲಿ ಓಡಾಡಿದೆ. ಹೆಂಗಸರಿಗೆ ಕೈತೋಟ ಹೇಳಿಕೊಟ್ಟೆ, ಗೊಬ್ಬರದ ಗುಂಡಿ ಹೇಳಿಕೊಟ್ಟೆ, ಯಾವುದಕ್ಕೂ ನಾಚಬಾರದು ಎಂದು ಭಾಷಣವನ್ನೂ ಮಾಡಿದೆ. ನೇಗಿಲನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ಅಪ್ಪನೂ ಬದುಕಿರುವವರೆಗೆ ಆ ಮಾತು ಎತ್ತಲಿಲ್ಲ. ಅವನು ಸಂತೆಯ ದಿನ ಯಾರ್ದೋ ಏನೋ ಎಂದದ್ದನ್ನು ನಾನು ಎಂದೋ ಮರೆತುಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಶಿವನಿಯ ಮಣ್ಣಿನ ವಾಸನೆ ಬಂದಾಗ ಕೈ ಮುಚ್ಚಿಕೊಂಡದ್ದು ಅದಕ್ಕಲ್ಲ. ಬರಲ್ಲ ಎಂದು ನಾನು ಹೇಳಿದ್ದಕ್ಕೆ.

ಆ ದಿನ ಮೊದಲನೆಯ ಸಾಲನ್ನು ಅಪ್ಪನೇ ಹೊಡೆದ. ನೇಗಿಲ ಹಿಡಿಯ ತುದಿಯನ್ನು ಅವನು ಮುಟ್ಟಲಿಲ್ಲ. ಗೇಣುದ್ದ ಕೆಳಗೆ, ನನಗೆ ಕಲಿಸುವಾಗ ಹಿಡಿಯುತ್ತಿದ್ದ ಜಾಗದಲ್ಲಿ ಹಿಡಿದು, ಸೊಂಟ ಬಗ್ಗಿಸಿಕೊಂಡು ಹೊಲದ ಆ ತುದಿಯವರೆಗೂ ಹೋದ. ಮೇಲಿನ ಜಾಗವನ್ನು ಖಾಲಿಯೇ ಬಿಟ್ಟಿದ್ದ.